ಒಪ್ಪತ್ತು ಮಾಡಿದ ನಾಯಿ

ನಮ್ಮ ನಾಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಯಾರ ಮನೆಯ ಕಥೆ ಎಂದು ನಮ್ಮ ಓಣಿಯವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಅವರು ತಮ್ಮ ಪಾಲಿನದನ್ನೂ ಸೇರಿಸಿ ಹೇಳತೊಡಗುತ್ತಾರೆ, ನನ್ನ ಮಾತು ಅಲ್ಲಿಗೆ ಮುಗಿಯಿತು. ಹಾಗಾಗಿ ಅದು ಬರೀ ನಾಯಿ. ಕಂದು ಬಣ್ಣದ, ಎಡಗಿವಿ ಮಡಚಿಕೊಂಡಿರುವ, ಹೆಣ್ಣು ಬೀದಿನಾಯಿ. ಮಂಡಿಪೇಟೆಯಲ್ಲಿರುವ ನನ್ನ ಗಂಡನ ಬೆಲ್ಲದ ಅಂಗಡಿಯ ಮುಂದೆ, ಖಾಲಿ ಚೀಲಗಳ ನಡುವೆ ನಡುಗುತ್ತ ಮಲಗಿದ್ದ ಮರಿಯನ್ನು ಅವರು ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಮನೆಗೆ ತಂದಿದ್ದರು. ನಾನು ಮೂರು ದಿನ ಮುಖ ಊದಿಸಿಕೊಂಡಿದ್ದೆ. ನಾಲ್ಕನೇ ದಿನ ಅದಕ್ಕೆ ಹಾಲನ್ನ ಕಲಸಿಟ್ಟವಳು ನಾನೇ. ಇದು ನಾಲ್ಕು ವರ್ಷದ ಹಿಂದಿನ ಮಾತು.

ದಾವಣಗೆರೆಯ ಈ ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಬಸ್ಸಿಗೆ ಹೊರಟರೆ ತಿರುಗಿ ಮನೆ ಸೇರುವುದು ಸಂಜೆ ಐದೂವರೆಗೆ. ನನ್ನ ಹಿಂದೆಯೇ ಗಂಡನೂ ಅಂಗಡಿಗೆ ಹೊರಡುತ್ತಾರೆ. ಹೀಗಾಗಿ ದಿನವಿಡೀ ನಾಯಿಯೊಂದೇ ಮನೆಗೆ ಯಜಮಾನಿ. ಹಿತ್ತಲ ಬಾಗಿಲನ್ನು ತೆರೆದೇ ಇಡುತ್ತೇವೆ, ಸುತ್ತ ಎತ್ತರದ ಕಾಂಪೌಂಡು ಇದೆ. ಹೊರಡುವ ಮುಂಚೆ ಸ್ಟೀಲಿನ ಬೋಗುಣಿಯಲ್ಲಿ ಹಾಲನ್ನವನ್ನೋ, ಮೊಸರಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನೋ ಇಟ್ಟು ಹೋಗುತ್ತೇನೆ. ಸಂಜೆ ಬಂದು ನೋಡಿದರೆ ಬೋಗುಣಿ ಅಡುಗೆಮನೆಯಿಂದ ಹಿತ್ತಲ ಹೊಸ್ತಿಲವರೆಗೆ ಬಂದಿರುತ್ತಿತ್ತು. ನೆಕ್ಕಿ ನೆಕ್ಕಿ ಅದನ್ನು ಅಷ್ಟು ದೂರ ತಳ್ಳಿರುತ್ತಿತ್ತು. ಬೋಗುಣಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿಯೇ ಆ ದಿನದ ಅಡುಗೆ ಅದಕ್ಕೆ ಹಿಡಿಸಿತೋ ಇಲ್ಲವೋ ಎಂದು ಹೇಳುತ್ತಿದ್ದೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ, ವಿಭೂತಿ ಹಚ್ಚುವ ಮನೆ. ಸ್ನಾನ ಮಾಡಿ ಪೂಜೆ ಮುಗಿಸದೆ ನನ್ನ ಗಂಡ ಚಹಾವನ್ನೂ ಮುಟ್ಟುವುದಿಲ್ಲ. ಮೊಟ್ಟೆ ಹಾಕಿದ ಕೇಕು ಕೂಡ ನಮ್ಮ ಹೊಸ್ತಿಲು ದಾಟಿ ಬಂದದ್ದಿಲ್ಲ. ನಾಯಿಯೂ ನಮ್ಮಂತೆಯೇ ಅನ್ನ, ಹಾಲು, ರೊಟ್ಟಿ ತಿಂದುಕೊಂಡು ಬೆಳೆದಿತ್ತು, ಒಂದು ದಿನವೂ ತಕರಾರು ಮಾಡಿರಲಿಲ್ಲ.

ಈ ವರ್ಷ ಶ್ರಾವಣದ ಮೊದಲ ಸೋಮವಾರ ಶಾಲೆಯಿಂದ ಬಂದು ನೋಡಿದೆ. ಬೋಗುಣಿ ಇಟ್ಟಲ್ಲೇ ಇತ್ತು, ತುಂಬಿಯೇ ಇತ್ತು. ಅನ್ನದ ಮೇಲೆ ಕೆನೆ ಒಣಗಿ ಇರುವೆ ಹತ್ತಿದ್ದವು. ಅದನ್ನು ಚೆಲ್ಲಿ ಹೊಸದಾಗಿ ಕಲಸಿ ಮುಂದೆ ಕೂತು ಕೊಟ್ಟೆ. ನನ್ನ ಕೈಯಿಂದ ನಿಧಾನವಾಗಿ ತಿಂದಿತು. ಮಂಗಳವಾರವೂ ಅದೇ. ಹಾಲು ಒಡೆದಿರಬೇಕು ಎಂದು ಬುಧವಾರ ಮೊಸರು ರೊಟ್ಟಿ ಇಟ್ಟೆ, ಅದನ್ನೂ ಮುಟ್ಟಲಿಲ್ಲ. ಗುರುವಾರ ಹಾಲಿಗೆ ಮಂಡಕ್ಕಿ ಹಾಕಿ ಇಟ್ಟೆ. ದಾವಣಗೆರೆಯಲ್ಲಿ ಹುಟ್ಟಿದ ಜೀವ ಮಂಡಕ್ಕಿಯನ್ನು ಒಲ್ಲೆ ಎಂದಿತು ಎಂದರೆ ಏನೋ ಎಡವಟ್ಟಾಗಿದೆ ಎಂದು ಅಂದೇ ತಿಳಿಯಬೇಕಿತ್ತು. ಸಂಜೆ ಮಂಡಕ್ಕಿ ಮೆತ್ತಗಾಗಿ ಬೋಗುಣಿಯ ಅಂಚಿಗೆ ಅಂಟಿಕೊಂಡಿತ್ತು.

"ಒಂದ ಇರ್ತದಲ್ಲ, ಬ್ಯಾಸರ ಅದಕ್ಕೆ," ಎಂದರು ಗಂಡ. "ನಾವಿದ್ರೆ ಉಣ್ಣತೈತೆ, ನೋಡಿಲ್ಲೇನು? ನಾವು ಬಂದ ಮ್ಯಾಲೆ ನಮ್ಮ ಕೂಡ ಉಣ್ಲಿ ಬಿಡು."

ನನಗೂ ಅದು ಸರಿಯೆನಿಸಿತು. ಎಲ್ಲರೊಟ್ಟಿಗೆ ಉಣ್ಣುವ ಆಸೆ ಮನುಷ್ಯರಿಗೆ ಮಾತ್ರವೇ ಇರಬೇಕು ಎಂದೇನಿದೆ? ಸಂಜೆಯ ಒಂದು ಊಟಕ್ಕೆ ನಾಯಿ ಒಗ್ಗಿಕೊಂಡಿತು ಅಂದುಕೊಂಡೆ. ಅದೂ ಕೈಯಿಂದ ಕೊಟ್ಟರೆ ನಾಲ್ಕು ತುತ್ತು.

ಅದೇ ವಾರ ಇನ್ನೊಂದು ಕಂಡಿತು. ದೇವರ ಜಗಲಿಯ ಮೇಲೆ ಹಿತ್ತಾಳೆ ತಟ್ಟೆಯಲ್ಲಿ ವಿಭೂತಿ ಗಟ್ಟಿ ಇರುತ್ತದೆ. ಗಂಡ ದಿನವೂ ಬೆರಳು ಒದ್ದೆ ಮಾಡಿ ಅದರ ಮೇಲೆ ತಿಕ್ಕಿ ಹಣೆಗೆ ಹಚ್ಚಿಕೊಳ್ಳುವುದು. ಎರಡು ತಿಂಗಳು ಬರಬೇಕಾದ ಗಟ್ಟಿ ಒಂದೇ ವಾರದಲ್ಲಿ ಅರ್ಧವಾಗಿತ್ತು. ಮೂಲೆಗಳು ಸವೆದು ದುಂಡಗಾಗಿದ್ದವು. ಇಲಿ ಎಂದರು ಗಂಡ. ಒಣಕೊಬ್ಬರಿಯ ಚೂರು ಸಿಕ್ಕಿಸಿ ಬೋನು ಇಟ್ಟರು. ಮೂರು ದಿನ ಕಳೆದರೂ ಕೊಬ್ಬರಿ ಹಾಗೇ ಇತ್ತು, ವಿಭೂತಿ ಮಾತ್ರ ಇನ್ನಷ್ಟು ಕರಗಿತ್ತು. ಕೊಬ್ಬರಿ ಬಿಟ್ಟು ಬೂದಿ ತಿನ್ನುವ ಇಲಿ ಯಾವುದು ಎಂದು ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗ ನನಗೇ ಸಿಟ್ಟು ಬರುತ್ತದೆ.

ಶ್ರಾವಣದ ಎರಡನೆಯ ಶನಿವಾರ, ಶಾಲೆ ಅರ್ಧ ದಿನ. ಕಡರನಾಯಕನಹಳ್ಳಿಯಿಂದ ನನ್ನ ಗಂಡನ ಅಕ್ಕ ಹರಿಹರಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾದಿದ್ದರು. ನಮ್ಮ ಮನೆಯಲ್ಲಿ ಎರಡು ದಿನ ಇದ್ದು ಹೋಗುವ ಯೋಚನೆ. ಅರವತ್ತು ದಾಟಿದ ಹೆಂಗಸು, ಬಾಯಿ ಜೋರು, ಮನಸ್ಸು ಮೆತ್ತಗೆ. ನಾನು ಅವರನ್ನು ಅಕ್ಕಾರೆ ಎನ್ನುತ್ತೇನೆ, ಅವರು ನನ್ನನ್ನು ಟೀಚರಮ್ಮ ಎಂದು ಕಿಚಾಯಿಸುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತಿ ಕಂಬಿ ಹಿಡಿದು ಸುಧಾರಿಸಿಕೊಂಡರು. ದಾವಣಗೆರೆಯಲ್ಲಿ ಇಳಿದು ನಮ್ಮ ಓಣಿಯ ತಿರುವಿಗೆ ಬಂದಾಗ ಮತ್ತೆ ನಿಂತು, "ನಿಮ್ಮ ಮನಿ ವರ್ಷಾ ವರ್ಷಾ ದೂರಾಗ್ತತಲ್ಲೇ," ಎಂದರು. ವಯಸ್ಸು, ಮೈಭಾರ ಎಂದುಕೊಂಡೆ.

ಗೇಟು ತೆರೆದರೂ ನಾಯಿ ಓಡಿಬರಲಿಲ್ಲ. ಇಷ್ಟು ಬೇಗ ನಾವು ಬರುತ್ತೇವೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಬೀಗ ತೆಗೆಯುವ ಮುಂಚೆ ಕಿಟಕಿಯಿಂದ ಇಣುಕಿದೆ. ನೇರಕ್ಕೆ ದೇವರ ಜಗಲಿ ಕಾಣುತ್ತದೆ. ಅದರ ಮುಂದೆ ನಾಯಿ ಮಲಗಿತ್ತು. ಮುಂದಿನ ಎರಡು ಕಾಲುಗಳ ನಡುವೆ ವಿಭೂತಿ ಗಟ್ಟಿಯನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಅವಸರವಿಲ್ಲದೆ ನೆಕ್ಕುತ್ತಿತ್ತು. ಮೂಗಿನಿಂದ ಹಣೆಯವರೆಗೆ ಬೆಳ್ಳಗಾಗಿತ್ತು. ನಾನು ಕಿಟಕಿ ಬಡಿಯಲು ಕೈ ಎತ್ತಿದೆ. ಅಕ್ಕಾರು ನನ್ನ ಕೈ ಹಿಡಿದುಕೊಂಡರು.

"ಬ್ಯಾಡ. ಅದರ ಪೂಜಿ ಕೆಡಿಸಬ್ಯಾಡ."

ಒಳಗೆ ಹೋದ ಮೇಲೆ ಅವರು ತುಂಬಿದ ಬೋಗುಣಿಯನ್ನು ನೋಡಿದರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಶ್ರಾವಣದ ಮೊದಲ ಸೋಮವಾರದಿಂದ ಎಂದೆ. ಹಗಲು ಮುಟ್ಟುವುದಿಲ್ಲ, ದೀಪ ಹಚ್ಚಿದ ಮೇಲೆ ನಮ್ಮೊಡನೆ ಒಂದೇ ಸಲ ತಿನ್ನುತ್ತದೆ ಎಂದೂ ಹೇಳಿದೆ. ಹೇಳುವಾಗಲೇ ಅವರ ಮುಖದಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಯಿತು. ನಮ್ಮಲ್ಲಿ ಶ್ರಾವಣ ಪೂರ್ತಿ ಒಪ್ಪತ್ತು ಮಾಡುವವರಿದ್ದಾರೆ. ದಿನಕ್ಕೆ ಒಂದೇ ಹೊತ್ತಿನ ಊಟ. ಅಕ್ಕಾರು ಸ್ವತಃ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ.

"ಇದು ನಾಯಿ ಅಲ್ಲವ್ವ," ಎಂದರು, ಕೆಳಗೆ ಕೂತು ನಾಯಿಯ ತಲೆ ಸವರುತ್ತ. "ಯಾರೋ ಶರಣರ ಜೀವ. ಒಪ್ಪತ್ತು ಮಾಡಿ ಈಬತ್ತಿ ತಗಂತೈತೆ. ನಿಮ್ಮ ಮನಿಗೆ ಬಂದೈತಲ್ಲ, ನಿಮ್ಮ ಪುಣ್ಯ."

ನಾನು ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವವಳು. ಗ್ರಹಣದ ದಿನ ಊಟ ಮಾಡಿ ಅತ್ತೆಯ ಹತ್ತಿರ ಬೈಸಿಕೊಂಡವಳು. ಆವತ್ತು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ನನಗೆ ಹಿತವಾಗಿತ್ತು. ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೋಗುವಾಗ ನಾಯಿಯನ್ನು ಒಂಟಿ ಮಾಡಿ ಹೋಗುತ್ತಿದ್ದೇನೆ ಎಂಬ ಒಂದು ಚುಚ್ಚು ನಾಲ್ಕು ವರ್ಷದಿಂದ ಇತ್ತು. ಅದು ಬೇಸರದಿಂದ ಅಲ್ಲ, ಭಕ್ತಿಯಿಂದ ಉಪವಾಸ ಇದೆ ಎಂದರೆ ಆ ಚುಚ್ಚು ತಪ್ಪುತ್ತದಲ್ಲ.

ಸುದ್ದಿ ಓಣಿಗೆ ಹಬ್ಬಲು ಒಂದು ಭಾನುವಾರ ಸಾಕಾಯಿತು. ಗಂಡ ತೆಗೆದ ಫೋಟೋ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹೋಯಿತು. ಮುಂದಿನ ಕಾಲುಗಳ ನಡುವೆ ವಿಭೂತಿ, ಹಣೆ ಬೆಳ್ಳಗೆ, ಹಿಂದೆ ಉರಿಯುವ ದೀಪ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಎದುರು ಮನೆಯವರು ನೋಡಲು ಬಂದರು, ಹಿಂದಿನ ಓಣಿಯವರು ಬಂದರು. ಒಬ್ಬರು ಅದರ ಹಣೆಗೆ ಮೂರು ಬೆರಳಿನಿಂದ ಸರಿಯಾಗಿ ಪಟ್ಟೆ ಎಳೆದು ಹೋದರು. ಮಂಡಿಪೇಟೆಯ ಅಂಗಡಿಯಲ್ಲಿ ಬೆಲ್ಲ ಕೊಳ್ಳಲು ಬಂದವರೂ "ನಾಯಿ ಹೆಂಗೈತ್ರಿ?" ಎಂದು ಕೇಳುತ್ತಿದ್ದರಂತೆ. ಗಂಡ ವಾರಕ್ಕೊಂದು ಹೊಸ ಗಟ್ಟಿ ತಂದು ಜಗಲಿಯ ಅಂಚಿಗೆ, ಅದಕ್ಕೆ ಎಟುಕುವ ಹಾಗೆ ಇಡತೊಡಗಿದರು. ಒಂದು ಮಾತು ಬರೆಯಲೇಬೇಕು. ಹಾಗೆ ಇಡುವುದನ್ನು ನಾನು ಎರಡು ಸಲ ಮರೆತದ್ದಕ್ಕೆ ಅವರು ಗದರಿಕೊಂಡರು, ನಾನು ತಪ್ಪಾಯಿತು ಎಂದೆ.

ಅಷ್ಟು ಹೊತ್ತಿಗೆ ನಾಯಿ ಬದಲಾಗಿತ್ತು. ಹಾಲಿನವನ ಸೈಕಲ್ ಬೆಲ್ಲು ಕೇಳಿದರೆ ಗೇಟಿಗೆ ಎಗರುತ್ತಿದ್ದದ್ದು ಈಗ ತಲೆಯನ್ನೂ ಎತ್ತುತ್ತಿರಲಿಲ್ಲ. ಹಿತ್ತಲಿನ ಮೂರು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿತ್ತು. ನಾವು ಅದನ್ನು ನೋಡಲಿಲ್ಲ ಎಂದಲ್ಲ. ನೋಡಿದೆವು, ಶಾಂತವಾಗಿದೆ ಎಂದೆವು. ವೈರಾಗ್ಯ ಬಂದಿದೆ ಎಂದು ಗಂಡ ಅಂದಾಗ ನಾನೂ ತಲೆಯಾಡಿಸಿದೆ. ಗೋದ್ರೆಜ್ ಬೀರುವಿನ ಹಿಂದಿನ ಗೋಡೆಯ ಸುಣ್ಣ ಮೊಳದಷ್ಟು ಎತ್ತರಕ್ಕೆ ನೆಕ್ಕಿ ನೆಕ್ಕಿ ಕಿತ್ತುಬಂದಿತ್ತು. ಆ ಗೋಡೆಯನ್ನು ಮಾತ್ರ ನಾನು ಆಮೇಲೆ ನೋಡಿದ್ದು.

ಶ್ರಾವಣದ ಕೊನೆಯ ವಾರ. ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ ಕೊಡುವ ಕೆಲಸ ನನ್ನದು. ಕೊಕ್ಕನೂರಿನಿಂದ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕಂಪಾಸ್ ಡಬ್ಬಿಯ ತುಂಬ ಕಡಿದ ಬಳಪದ ಚೂರುಗಳು ಸಿಕ್ಕಿದ್ದವು. ಅವಳ ತಾಯಿಯನ್ನು ಕರೆಸಿದ್ದೆ. ಗದ್ದೆ ಕೆಲಸ ಬಿಟ್ಟು ಬಂದಿದ್ದ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹೇಳಿದಳು:

"ಬೈದು ಬೈದು ಸಾಕಾಗೈತ್ರಿ ಮೇಡಮ್ಮಾರೆ. ಬಳಪ ತಿಂತಾಳೆ, ಗ್ವಾಡಿ ಸುಣ್ಣ ಕೆರಕಂಡು ತಿಂತಾಳೆ. ಉಣ್ಣಾಕ ಕರದ್ರೆ ಹಸಿವಿಲ್ಲ ಅಂತಾಳೆ. ನಾನ ಎದುರಿಗೆ ಕುಂತು ತುತ್ತು ಕೊಟ್ರೆ ನಾಕು ತುತ್ತು ಉಣ್ಣತಾಳೆ, ಅಷ್ಟ."

ಇಂಥ ತಾಯಂದಿರಿಗೆ ಹೇಳುವ ಮಾತು ನನಗೆ ಬಾಯಿಪಾಠ. ಹುಡುಗಿಯನ್ನು ಬೆಳಕಿಗೆ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ತೋರಿಸಿದೆ. ಕೆಂಪಗಿರಬೇಕಾದದ್ದು ಬಿಳಿಚಿಕೊಂಡಿತ್ತು.

"ಇದು ಚಟ ಅಲ್ಲಮ್ಮ, ಬೈಬೇಡ. ಮೈಯಾಗೆ ರಕ್ತ ಕಡಿಮೆ ಆದ್ರೆ ಹಿಂಗಾಗ್ತದೆ. ಊಟ ಸೇರಲ್ಲ. ಸುಣ್ಣ ಬೇಕು, ಮಣ್ಣು ಬೇಕು, ಬೂದಿ ಬೇಕು ಅನ್ನಿಸ್ತದೆ..."

ಬೂದಿ ಎಂದವಳೇ ನಿಂತುಬಿಟ್ಟೆ. ಆ ಹೆಂಗಸು ಮುಂದಿನ ಮಾತಿಗೆ ಕಾಯುತ್ತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಇದೇ ಪಾಠವನ್ನು ಎಷ್ಟು ತಾಯಂದಿರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯ ಜಗಲಿಯ ಮುಂದೆ ಮೂರು ವಾರದಿಂದ ಅದೇ ಪಾಠ ಮಲಗಿತ್ತು. ಬಳಪವಾಗಿದ್ದರೆ ಮೊದಲ ದಿನವೇ ಗುರುತಿಸುತ್ತಿದ್ದೆ. ವಿಭೂತಿಯಾದ್ದರಿಂದ ಕೈಮುಗಿದಿದ್ದೆ.

ಹುಡುಗಿಯನ್ನು ಆಸ್ಪತ್ರೆಗೆ ತೋರಿಸಲು ಚೀಟಿ ಬರೆದುಕೊಟ್ಟು ಹೆಡ್‌ಮಾಸ್ಟರ ಹತ್ತಿರ ಅರ್ಧ ದಿನದ ರಜೆ ಕೇಳಿದೆ. ಮನೆಯಲ್ಲಿ ಹುಷಾರಿಲ್ಲ ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು. ಹರಿಹರದಿಂದ ದಾವಣಗೆರೆಗೆ ಅರ್ಧ ಗಂಟೆಯ ದಾರಿ, ಆವತ್ತು ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ನನಗೆ ಕಂಡಕ್ಟರನ ಮೇಲೆ ಸಿಟ್ಟು, ಹತ್ತುವವರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ನಾಯಿ ಜಗಲಿಯ ಮುಂದೆಯೇ ಇತ್ತು. ನನ್ನನ್ನು ನೋಡಿ ಬಾಲವನ್ನು ನೆಲಕ್ಕೆ ಎರಡು ಸಲ ಬಡಿಯಿತು, ಏಳಲಿಲ್ಲ. ಪಕ್ಕದಲ್ಲಿ ಕೂತು ಅದರ ತುಟಿ ಎತ್ತಿ ನೋಡಿದೆ. ಒಸಡು ಗಂಡನ ಪಂಚೆಯಷ್ಟು ಬೆಳ್ಳಗಿತ್ತು.

ಗಂಡ ಅಂಗಡಿಯಿಂದ ಆಟೋ ತಂದರು. ಪಶುವೈದ್ಯರು ತಾಳ್ಮೆಯ ಮನುಷ್ಯ. ಮಡಚಿದ ಎಡಗಿವಿಯನ್ನು ಬಿಡಿಸಿ ನಮಗೆ ತೋರಿಸಿದರು. ಒಳಗೆ ರಕ್ತ ಹೀರಿ ಊದಿದ ಉಣ್ಣೆ ಹುಳಗಳು ಅವರೆಕಾಳು ಚೆಲ್ಲಿದ ಹಾಗೆ ಕಚ್ಚಿಕೊಂಡಿದ್ದವು. ಕಾಲ್ಬೆರಳುಗಳ ಸಂದಿಯಲ್ಲೂ ಇದ್ದವು. ಹಣೆಗೆ ದಿನವೂ ಪಟ್ಟೆ ಎಳೆಯುತ್ತಿದ್ದ ನಾವು ಕಿವಿ ಬಿಡಿಸಿ ನೋಡಿರಲಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕೊಟ್ಟರು. ಉಣ್ಣೆ ಹುಳದಿಂದ ಬರುವ ಜ್ವರ, ರಕ್ತ ತೀರಾ ಇಳಿದುಹೋಗಿದೆ ಎಂದು ಸಂಜೆ ಹೇಳಿದರು.

"ಊಟ ಬಿಟ್ಟು ಎಷ್ಟು ದಿನ ಆಯ್ತು ಮೇಡಂ?"

"ಮೂರು ವಾರ."

"ಮೂರು ವಾರ ಯಾಕ ಕಾದ್ರಿ?"

ಗಂಡ ಗೋಡೆಯ ಮೇಲಿನ ಹಸುವಿನ ಚಿತ್ರವನ್ನು ನೋಡುತ್ತ ನಿಂತರು. ನಾನೇ ಹೇಳಬೇಕಾಯಿತು. "ಒಪ್ಪತ್ತು ಮಾಡ್ತೈತೆ ಅನ್ಕೊಂಡಿದ್ವಿ."

ಡಾಕ್ಟರು ನಗಲಿಲ್ಲ. ಅವರ ಹಣೆಯ ಮೇಲೂ ಬೆಳಗಿನ ವಿಭೂತಿಯ ಗೆರೆ ಅರ್ಧ ಅಳಿಸಿ ಉಳಿದಿತ್ತು. "ನಾಯಿ ಒಪ್ಪತ್ತು ಮಾಡಲ್ಲ ಮೇಡಂ," ಎಂದರು. "ನಿಮ್ಮ ಕೈಯಾಗಿನ ಒಂದೆರಡು ತುತ್ತು ತಿಂತಿತ್ತಲ್ಲ, ಅದು ನಿಮ್ಮ ಮುಖ ನೋಡಿ ತಿಂದಿದ್ದು. ಹಸಿವಿರಲಿಲ್ಲ ಅದಕ್ಕೆ."

ನನಗೆ ಅಳು ಬಂತು. ಅವರ ಮುಂದೆಯೇ ಅತ್ತೆ, ಸೆರಗಿನಿಂದ ಒರೆಸಿಕೊಂಡೆ. ಮೂರು ವಾರ ಅದು ನಮ್ಮ ದಾಕ್ಷಿಣ್ಯಕ್ಕೆ ಉಂಡಿತ್ತು. ನಾವು ಅದರ ಭಕ್ತಿಯ ಫೋಟೋ ತೆಗೆಯುತ್ತಿದ್ದೆವು.

ಮಾತ್ರೆ ಬರೆದರು, ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನ ನೋಡೋಣ, ರಕ್ತ ಇನ್ನೂ ಇಳಿದರೆ ಬೇರೆ ನಾಯಿಯ ರಕ್ತ ಏರಿಸಬೇಕಾಗುತ್ತದೆ, ಅದಕ್ಕೂ ತಡೆಯುತ್ತದೋ ಇಲ್ಲವೋ ಈಗ ಹೇಳಲಾರೆ ಎಂದರು. "ಒಂದ ಇದ್ದಾಗ ತಾನಾಗೇ ಬೋಗುಣಿಗೆ ಬಾಯಿ ಹಾಕಿದ ದಿನ ಗೆದ್ದಂಗೆ. ಅಲ್ಲಿ ತನಕ ಹೇಳಾಕಾಗಲ್ಲ. ಮತ್ತೆ, ಲಿವರ್ ಕೊಡ್ರಿ. ಆಗಲಿಲ್ಲ ಅಂದ್ರೆ ಮೊಟ್ಟೆನಾದ್ರೂ ಕೊಡ್ರಿ."

ಶ್ರಾವಣ ಇನ್ನೂ ಮುಗಿದಿರಲಿಲ್ಲ. ಮನೆಗೆ ಬಂದದ್ದೇ ಗಂಡ ನಾಯಿಯನ್ನು ನನ್ನ ಮಡಿಲಿಗೆ ಬಿಟ್ಟು ಸ್ಕೂಟರ್ ತೆಗೆದುಕೊಂಡು ಎಲ್ಲಿಗೋ ಹೋದರು. ಬಂದಾಗ ಅಂಗಡಿಯ ಚೀಲದೊಳಗೆ ಪೇಪರು, ಪೇಪರಿನೊಳಗೆ ಇನ್ನೊಂದು ಪೇಪರು, ಅದರೊಳಗೆ ಆರು ಮೊಟ್ಟೆ. ಮಂಡಿಪೇಟೆಯ ಹತ್ತಿರ ಯಾರಾದರೂ ನೋಡಿಯಾರು ಎಂದು ಊರ ಆ ತುದಿಗೆ ಹೋಗಿ ತಂದಿದ್ದರು. ಹಿತ್ತಲಿನಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಮಾಡಿದರು. ಹಳೆಯ ಡಾಲ್ಡಾ ಡಬ್ಬಿಯಲ್ಲಿ ನೀರು ಕಾಯಿಸಿದರು.

"ಎಷ್ಟೊತ್ತು ಬೇಯಿಸಬೇಕು?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮೊಟ್ಟೆಯಲ್ಲಿರುವ ಪ್ರೋಟೀನಿನ ಬಗ್ಗೆ ವರ್ಷಕ್ಕೆರಡು ಪಿರಿಯಡ್ ಪಾಠ ಮಾಡುತ್ತೇನೆ. ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುವ ದಿನ ಆ ಕೆಲಸವನ್ನು ಇನ್ನೊಬ್ಬ ಟೀಚರಿಗೆ ದಾಟಿಸಿಬಿಡುತ್ತೇನೆ. ಬೇಳೆ ಬೇಯುವಷ್ಟು ಹೊತ್ತು ಇರಲಿ ಎಂದೆ. ಅರ್ಧ ಗಂಟೆ ಬೇಯಿಸಿದೆವು. ಎರಡು ಒಡೆದವು, ಉಳಿದವುಗಳ ಹಳದಿ ಬೂದುಬಣ್ಣಕ್ಕೆ ತಿರುಗಿತ್ತು. ಗಂಡ ಮೂಗಿಗೆ ಟವೆಲ್ ಕಟ್ಟಿಕೊಂಡು ಸಿಪ್ಪೆ ಸುಲಿದರು. ಬೆರಳ ತುದಿಯಿಂದ ಮಾತ್ರ ಮುಟ್ಟುತ್ತಿದ್ದ ಅವರ ಕೈ ಸ್ವಲ್ಪ ಹೊತ್ತಿಗೆ ಪೂರ್ತಿ ಮುಟ್ಟಿತು. ಹಳದಿಯನ್ನು ಪುಡಿಮಾಡಿ ಅಂಗೈಯಲ್ಲಿ ಹಿಡಿದು ನಾಯಿಯ ಮೂಗಿನ ಹತ್ತಿರ ಒಯ್ದರು. ಅದು ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ಕೊನೆಗೆ ಒಂದಿಷ್ಟು ನೆಕ್ಕಿತು. ಅದು ಹಸಿವೋ ಮತ್ತೆ ದಾಕ್ಷಿಣ್ಯವೋ ನಮಗೆ ತಿಳಿಯಲಿಲ್ಲ.

ಆ ರಾತ್ರಿಯೇ ವಿಭೂತಿ ಗಟ್ಟಿಯನ್ನು ಮೇಲಿನ ಗೂಡಿಗೆ ಏರಿಸಿದೆ. ಮರುದಿನ ನಾಯಿ ಗೂಡಿನ ಕೆಳಗೆ ಹೋಗಿ ಕೂತು ಮೇಲೆ ನೋಡುತ್ತಿತ್ತು. ಪರವಾಗಿಲ್ಲ ಒಂದಿಷ್ಟು ಕೊಡೋಣ ಎನ್ನಿಸಿತು, ಕೊಡಲಿಲ್ಲ. ಮಾತ್ರೆಯನ್ನು ಬೆಣ್ಣೆಯಲ್ಲಿ ಮುಚ್ಚಿ ಕೊಟ್ಟರೆ ಬೆಣ್ಣೆ ನುಂಗಿ ಮಾತ್ರೆಯನ್ನು ನನ್ನ ಕಾಲ ಮೇಲೆ ಉಗುಳುತ್ತಿತ್ತು. ಗಂಟಲೊಳಗೆ ಬೆರಳು ಹಾಕಿ ನುಂಗಿಸಲು ಕಲಿತೆ. ಮೂರನೆಯ ದಿನ ಮೂಗಿನಿಂದ ರಕ್ತ ಬಂತು. ಗಂಡ ಅಂಗಡಿ ಮುಚ್ಚಿ ಬಂದು ನಾಯಿಯ ಪಕ್ಕ ಚಾಪೆ ಹಾಕಿಕೊಂಡು ಮಲಗಿದರು. ಬಳಗದ ಗುಂಪಿನಲ್ಲಿ ಯಾರೋ ಶರಣರು ಹೇಗಿದ್ದಾರೆ ಎಂದು ಕೇಳಿದ್ದರು. ನಾನು ಆ ಗುಂಪಿನಿಂದಲೇ ಹೊರಬಂದೆ.

ನಾಲ್ಕನೆಯ ದಿನ ಮತ್ತೆ ರಕ್ತ ಪರೀಕ್ಷೆಯಾಯಿತು. ಏರಿಲ್ಲ, ಆದರೆ ಇಳಿದೂ ಇಲ್ಲ ಎಂದರು ಡಾಕ್ಟರು. ಆ ಮಾತಿಗೆ ಇಬ್ಬರೂ ಅಲ್ಲಿಯ ಬೆಂಚಿನ ಮೇಲೆ ಕೂತುಬಿಟ್ಟೆವು.

ಅರ್ಧ ದಿನಕ್ಕೆಂದು ಕೇಳಿ ವಾರಕ್ಕೆ ಬೆಳೆಸಿದ್ದ ನನ್ನ ರಜೆ ಎಂಟನೆಯ ದಿನ ಮುಗಿಯಿತು. ಬೋಗುಣಿಗೆ ಅನ್ನ, ಎರಡು ಮೊಟ್ಟೆ, ಸ್ವಲ್ಪ ಮೊಸರು ಕಲಸಿ ಇಟ್ಟು, ನಾಯಿಯ ಮುಖ ನೋಡದೆ ಬಾಗಿಲು ಎಳೆದುಕೊಂಡು ಹೋದೆ. ಸಂಜೆ ಬಂದಾಗ ಬೋಗುಣಿ ಅರ್ಧ ಆಗಿತ್ತು. ಆದರೆ ಬೆಕ್ಕು ಬಂದು ತಿಂದಿದ್ದರೆ? ಮರುದಿನ ಹಿತ್ತಲ ಬಾಗಿಲು ಮುಚ್ಚಿಯೇ ಹೋದೆ. ಸಂಜೆ ಬೀಗ ತೆಗೆಯುವ ಮುಂಚೆ ಕಿಟಕಿಗೆ ಮುಖವಿಟ್ಟು ನೋಡಿದೆ. ಬೋಗುಣಿ ಅಡುಗೆಮನೆಯಲ್ಲಿ ಇರಲಿಲ್ಲ. ಪಡಸಾಲೆ ದಾಟಿ, ಜಗಲಿ ದಾಟಿ, ಮುಚ್ಚಿದ ಹಿತ್ತಲ ಬಾಗಿಲಿಗೆ ತಾಗಿ ನಿಂತಿತ್ತು, ಖಾಲಿ. ಗಂಡನಿಗೆ ಫೋನ್ ಮಾಡಿ, "ಬೋಗುಣಿ ಬಾಗಿಲ ತನಕ ಹೋಗೈತೆ," ಎಂದೆ. ಆ ಕಡೆಯಿಂದ ಬೆಲ್ಲ ತೂಗುವವರ ಗಲಾಟೆ ಕೇಳಿಸುತ್ತಿತ್ತು.

ಗಣೇಶನ ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಅಕ್ಕಾರು ಬಂದರು. ನಾಯಿಗೆಂದು ಒಳ್ಳೆಯ ವಿಭೂತಿ ಗಟ್ಟಿ ತಂದಿದ್ದರು. ಗೇಟಿನ ಹತ್ತಿರ ನಿಂತು ಸುಧಾರಿಸಿಕೊಂಡು ಒಳಗೆ ಬಂದರೆ ನಾಯಿ ಅವರ ಮೇಲೆ ಎಗರಿ ಸೀರೆಗೆ ಕಾಲು ಹಚ್ಚಿತು. ಗಂಡ ಹೇಳಲು ಹಿಂದೆಮುಂದೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಕಿವಿಯ ಉಣ್ಣೆ ಹುಳ, ಬಿಳಿ ಒಸಡು, ಮೊಟ್ಟೆ, ಯಾವುದನ್ನೂ ಬಿಡಲಿಲ್ಲ. ಬೈಯುತ್ತಾರೆ ಎಂದು ಕಾದೆ, ಮೊಟ್ಟೆಗಾದರೂ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಂದಿದ್ದ ವಿಭೂತಿ ಗಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಅಂದ್ರ ಅದು ಈಬತ್ತಿ ತಿಂತಿದ್ದದ್ದು ಜಡ್ಡಿಂದ?"

"ಹೌದು ಅಕ್ಕಾರೆ. ರಕ್ತ ಕಡಿಮೆ ಆಗಿ."

"ಉಸಿರು ಹತ್ತೋದೂ ಅದಕ್ಕಾ?"

"ಅದಕ್ಕೇ."

ಗಂಡ ಚಹಾ ಮಾಡಲು ಒಳಗೆ ಹೋದರು. ಅಕ್ಕಾರು ನನ್ನ ಕಡೆ ಸರಿದು ದನಿ ಇಳಿಸಿದರು. "ನಾನೂ ತಿಂತಿದ್ದೆ ಕಣೆ ಟೀಚರಮ್ಮ. ಪೂಜಿ ಆದ ಮ್ಯಾಲೆ ಒಂದು ಚಿಟಿಗಿ ಬಾಯಾಗ ಹಾಕ್ಕಂತೀವಲ್ಲ, ಹಂಗಲ್ಲ. ತುಂಡು ತುಂಡು. ಎಲ್ಲಾರೂ ಹೊಲಕ್ಕೆ ಹೋಗಿ ಮನ್ಯಾಗ ಒಬ್ಬಾಕಿ ಆದ್ಮ್ಯಾಲೆ ಜಗಲಿ ಮುಂದ ಕುಂತು ತಿಂತಿದ್ದೆ. ಒಂದ್ಸಲ ನಮ್ಮತ್ತಿ ನೋಡಿದ್ಲು. ಬೈಲಿಲ್ಲ. ನನ್ನ ಸೊಸಿ ಭಾಳ ಭಕ್ತಿವಂತಿ ಅಂತ ಊರೆಲ್ಲಾ ಹೇಳ್ಕಂಡು ಬಂದ್ಲು." ಸ್ವಲ್ಪ ನಕ್ಕರು. "ಭಕ್ತಿ ಅಲ್ಲವ್ವ. ತಿನ್ನದಿದ್ರ ಆಗ್ತಿರಲಿಲ್ಲ. ಹಂಗಂತ ಯಾರಿಗೆ ಹೇಳ್ಲಿ?"

"ಈಗ?" ಎಂದೆ.

ಅವರು ಸೊಂಟದ ಎಲೆ ಅಡಿಕೆ ಚೀಲದ ದಾರ ಬಿಚ್ಚಿದರು. ಅಡಿಕೆ ಹೋಳುಗಳ ನಡುವೆ ಒಂದು ವಿಭೂತಿಯ ತುಂಡಿತ್ತು. ಅದರ ಅಂಚು ನಮ್ಮ ಜಗಲಿಯ ಗಟ್ಟಿಯ ಹಾಗೆಯೇ ದುಂಡಗೆ ಸವೆದಿತ್ತು. ನಾಯಿ ಬಂದು ಅದನ್ನು ಮೂಸಿ ನೋಡಿ, ಬೇಡವೆಂದು ಹಿತ್ತಲಿಗೆ ಹೋಯಿತು.

ನಾನು ಅವರ ಕೈ ಹಿಡಿದು ಬಾಗಿಲ ಬೆಳಕಿಗೆ ಕರೆತಂದೆ. ಶಾಲೆಯ ಹುಡುಗಿಯರಿಗೆ ಮಾಡುವ ಹಾಗೆ ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು ನೋಡಿದೆ. ಮೂವತ್ತು ವರ್ಷದಿಂದ ಹಬ್ಬ ಹರಿದಿನಕ್ಕೆ ಎದುರುಬದುರು ಕೂತು ಉಂಡಿದ್ದೇವೆ, ಆ ಕಣ್ಣನ್ನು ನಾನು ನೋಡಿರಲಿಲ್ಲ.

"ಹೆಂಗೈತೆ?" ಎಂದರು.

"ನಾಳೆ ನಾನು ಸಾಲಿಗೆ ಹೋಗಲ್ಲ ಅಕ್ಕಾರೆ. ಇಬ್ರೂ ಆಸ್ಪತ್ರೆಗೆ ಹೋಗಾನ."

"ನನಗೇನು ಉಣ್ಣೆ ಹುಳ ಕಡಿದೈತೇನು, ಸುಮ್ನಿರು," ಎಂದು ನಗಲು ನೋಡಿದರು. ನಾನು ನಗಲಿಲ್ಲ. ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅವರಿಗೆ ಕೇಳಿದೆ. ಎಷ್ಟು ದಿನದಿಂದ?

ಅವರು ಬೆರಳು ಮಡಚಿ ಲೆಕ್ಕ ಹಾಕಲು ಹೋಗಿ ನಿಲ್ಲಿಸಿದರು.

"ದೊಡ್ಡ ಮಗ ಹೊಟ್ಟ್ಯಾಗಿದ್ನಲ್ಲ, ಆವಾಗಿಂದ."

ಆ ಮಗನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ.